ಕೆರೆದಷ್ಟು ಹೊತ್ತಿನ ಕನಸು

ನಮ್ಮ ಯಜಮಾನರು ಬಡಗಿ. ನಿದ್ದೆಯಲ್ಲೂ ಕೈ ಸುಮ್ಮನಿಡೋ ಆಸಾಮಿಯಲ್ಲ. ಮಧ್ಯಾಹ್ನ ಊಟ ಮುಗಿಸಿ ಚಾಪೆ ಮೇಲೆ ಉರುಳಿದರೆ ಸಾಕು, ಮೊಣಕಾಲ ಕೆಳಗಿನ ಇಸುಬನ್ನು ಕರಕರ ಅಂತ ಕೆರೆಯೋಕೆ ಶುರು. ಕಣ್ಣು ಮುಚ್ಚಿರುತ್ತೆ, ಮುಖದಲ್ಲಿ ಸಣ್ಣ ನಗು. ಕಿಟಕಿಯ ಬಿಸಿಲಲ್ಲಿ ದೂಳು ಮೆಲ್ಲಗೆ ತೇಲ್ತಾ ಇರುತ್ತೆ. ಆ ಸದ್ದು ಕೇಳ್ತಾ ಕೇಳ್ತಾ ಹೊಲಿಗೆ ಮೆಷಿನ್ ಮುಂದೆ ಕೂತ ನನಗೂ ಮಂಪರು. ಆಮೇಲೆ ನೋಡಿದರೆ ಚಾಪೆ ಮೇಲೆ ರಕ್ತ!

ಚರ್ಮದ ಡಾಕ್ಟರಮ್ಮ ಚೀಟಿ ಬರೆದುಕೊಟ್ಟು ಸಾರಿ ಸಾರಿ ಹೇಳಿದ್ದರು: "ಬೆಳಗ್ಗೆ ಸಂಜೆ ಈ ಮುಲಾಮು ತೆಳ್ಳಗೆ ಸವರಿ. ಹೀಗೇ ಕೆರೀತಿದ್ರೆ ಕೀವು ತುಂಬುತ್ತೆ, ಹುಷಾರು." ವಾರಗಳು ಉರುಳಿದರೂ ಗುಣ ಕಾಣಲಿಲ್ಲ. ಪಾಪ, ಆಯಮ್ಮನಿಗೇ ಹಿಡಿಶಾಪ ಹಾಕಿದೆ. ಇವತ್ತು ಟ್ಯೂಬ್ ಕೈಗೆ ಸಿಕ್ಕಿತು. ಸೀಲನ್ನೇ ಒಡೆದಿಲ್ಲ ಮಹಾರಾಯರು!

"ಏನ್ರೀ ಇದು? ಕಾಲು ಕೊಳೆಸ್ಕೊಂಡು ಮೂಲೆ ಹಿಡೀಬೇಕು ಅಂತಿದೀರಾ?"

ನೆಲ ನೋಡಿದರು. "ಕೆರೆತ ನಿಂತ್ರೆ ಕನಸೂ ನಿಲ್ಲುತ್ತೆ ಕಣೇ."

"ಯಾವ ಕನಸು?"

"ಬಾಗಿಲಿಗೆ ಹತ್ತರಿ ಹೊಡೀತಿರ್ತೀನಿ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರ್ತಿರುತ್ತೆ, ನೆಲಕ್ಕೆ ಬೀಳೋದೇ ಇಲ್ಲ. ಉಜ್ಜಿದಷ್ಟು ಹೊತ್ತೂ ಬಾಗಿಲಾಚೆ ಗುಬ್ಬಿ ಮಾತಾಡ್ತಾಳೆ."

ಗುಬ್ಬಿ ನಮ್ಮ ಮಗಳು. ಜ್ವರದಲ್ಲಿ ಹೋಗಿಬಿಟ್ಟಳು. ಅಂದಿನಿಂದ ಈ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಹೆತ್ತವಳು ನಾನು! ನನ್ನ ಕನಸಿಗೆ ಒಂದು ಸಲವಾದರೂ ಬಂದವಳಲ್ಲ.

ಕಾಲನ್ನು ತೊಡೆ ಮೇಲೆ ಎಳೆದುಕೊಂಡು, ತೊಳೆದು ಒರೆಸಿ, ಬೆರಳ ತುದಿಯಷ್ಟು ಮುಲಾಮು ಸವರಿದೆ. "ಬೇಡ ಕಣೇ" ಅಂದರು. ಕಾಲು ಮಾತ್ರ ಹಿಂದಕ್ಕೆಳೆಯಲಿಲ್ಲ.

"ಕಾಲು ಕಳ್ಕೊಂಡು ಅವಳನ್ನ ಕರೆಸ್ಕೋಬೇಡಿ. ಎಚ್ಚರ ಇರೋವಾಗ್ಲೇ ಅವಳ ವಿಷ್ಯ ಹೇಳಿ. ನಂಗೂ ಬೇಕು ಅವಳು," ಅಂದೆ.

"ಕನಸಲ್ಲಿ ಬರೋದು ನಮ್ಮ ಮುಂಬಾಗಿಲೇ," ಅಂದರು. "ನಾಟಕದ ಅಭ್ಯಾಸ ಮುಗಿಸಿ ತಡವಾಗಿ ಬರ್ತಿದ್ಲಲ್ವಾ, ಬಾಗಿಲು ನೆಲಕ್ಕೆ ತಾಗಿ ಕಿರ್ ಅನ್ನೋದು. 'ಅಪ್ಪಾ, ಅಮ್ಮಂಗೆ ಎಚ್ಚರ ಆದ್ರೆ ನನ್ ಕಥೆ ಮುಗೀತು, ಸ್ವಲ್ಪ ಕೆತ್ತಿಬಿಡು' ಅಂದ್ಲು. ನೀನು ಪೇಟೆಗೆ ಹೋದಾಗ ಬಾಗಿಲಿನ ಅಡಿ ಉಜ್ಜಿಕೊಟ್ಟೆ."

"ಅಪ್ಪ-ಮಗಳು ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಾ!" ಗದರಲು ಹೋಗಿ ನಗು ಬಂತು, ನಗುವಿನ ಬೆನ್ನಿಗೇ ಅಳು. ಕಣ್ಣೊರೆಸಿಕೊಳ್ಳಲು ಹೋದವಳ ಕೈಯನ್ನು ಅವರು ಹಿಡಿದರು. "ಏಯ್, ಮುಲಾಮಿನ ಕೈ!" ತಮ್ಮ ಪಂಚೆಯ ತುದಿಯಿಂದ ತಾವೇ ನನ್ನ ಕಣ್ಣೊರೆಸಿದರು.

"ಆಮೇಲೆ ಒಂದಿನಾನೂ ನಿಂಗೆ ಎಚ್ಚರ ಆಗ್ಲಿಲ್ಲ ನೋಡು," ಅಂದರು, ಗೆದ್ದವರ ಹಾಗೆ.

"ಎಚ್ಚರ ಆಗೋಕೆ ಮೊದ್ಲು ನಿದ್ದೆ ಮಾಡಿರ್ಬೇಕು ತಾನೆ?" ಅಂದೆ. "ಕಣ್ಣು ಮುಚ್ಕೊಂಡು ಅವಳ ಹೆಜ್ಜೆ ಸದ್ದಿಗೆ ಕಾಯ್ತಿದ್ದೆ. ಅವಳು ಒಳಗೆ ಬಂದ್ಮೇಲೇ ನಂಗೆ ನಿದ್ದೆ ಹತ್ತೋದು. ಈಗ್ಲೂ ಕಾಯ್ತೀನಿ ಕಣ್ರೀ."