ಮಹದೇವಮ್ಮನ ಮೂಗು

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಟೀಚರು ಪ್ರೇಮಲೀಲಾ. ಜಯಲಕ್ಷ್ಮಿಪುರಂನ ಮನೆಯಲ್ಲಿ ಅವಳು ಮಾತು ಶುರುವಿಟ್ಟುಕೊಂಡರೆ ಪಕ್ಕದ ಮನೆಯವರು ತಮ್ಮ ಟೀವಿಯ ಸದ್ದು ಹೆಚ್ಚಿಸಿಕೊಳ್ಳಬೇಕಾಗುತ್ತಿತ್ತು. ಅಂಥವಳ ಗಂಟಲು ಹೋದ ಮಳೆಗಾಲದಲ್ಲಿ ಕಟ್ಟಿಕೊಂಡಿತು. ಕಷಾಯ ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಡಾಕ್ಟರು ನೋಡಿ, ಧ್ವನಿಪೆಟ್ಟಿಗೆಯಲ್ಲಿ ಸಣ್ಣ ಗಂಟುಗಳಾಗಿವೆ, ಭಯಪಡುವಂಥದ್ದಲ್ಲ, ಆದರೆ ಒಂದು ತಿಂಗಳು ಮಾತೇ ಆಡಕೂಡದು, ಪಿಸುಮಾತು ಕೂಡ ಬೇಡ ಅಂದರು.

"ಒಂದು ತಿಂಗಳಾ!" ಎಂದು ಬಾಯಿ ಬಿಟ್ಟವನು ಗಂಡ ಮಹಾಂತೇಶ್. ಆ ದನಿಯಲ್ಲಿ ಗಾಬರಿಯ ಜೊತೆಗೆ ಒಂಚೂರು ಖುಷಿಯೂ ಇದ್ದಂತೆ ಕಂಡು ಪ್ರೇಮಲೀಲಾ ಅವನ ತೋಳು ಚಿವುಟಿದಳು.

ಮಹಾಂತೇಶ್ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ಅವಳು ಮತ್ತು ಮಾವ ಸದಾಶಿವಯ್ಯ. ಲಷ್ಕರ್ ಮೊಹಲ್ಲಾದಲ್ಲಿ ಬೇಳೆಕಾಳಿನ ಅಂಗಡಿ ನಡೆಸುತ್ತಿದ್ದವರು ಅದನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಇದ್ದರು. ಹಿಂದಿನ ವರ್ಷ ಹೆಂಡತಿ ಮಹದೇವಮ್ಮ ತೀರಿಕೊಂಡ ಮೇಲೆ ಅವರ ಮಾತೂ ಕಡಿಮೆಯಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಅಂದಾಗಲೆಲ್ಲ "ಇನ್ನು ಯಾರ ಮುಖ ನೋಡೋಕೆ ಬುಡಪ್ಪ" ಎಂದು ತಳ್ಳಿಹಾಕುತ್ತಿದ್ದರು. ಹಗಲೆಲ್ಲ ಟೀವಿ ಜೋರಾಗಿ ಹಾಕಿಕೊಂಡು, ಅದನ್ನು ನೋಡದೆ ಸುಮ್ಮನೆ ಕೂತಿರುತ್ತಿದ್ದರು.

ಮೊದಲ ದಿನಗಳಲ್ಲಿ ಪ್ರೇಮಲೀಲಾ ಹೇಳಬೇಕಾದ್ದನ್ನೆಲ್ಲ ಮೊಬೈಲಿನಲ್ಲಿ ಬರೆದು ತೋರಿಸಿದಳು. "ಅಕ್ಷರ ಎಲ್ಲಾ ಇರುವೆ ಥರ ಹರಿದಾಡ್ತಾವೆ ಕಣಮ್ಮ" ಅಂದರು ಮಾವ. ಕೈಸನ್ನೆ ಮಾಡಿದಳು. ಉಪ್ಪು ಕೇಳಿದರೆ ಸಕ್ಕರೆ ಡಬ್ಬಿ ಬಂತು. ರೇಗೋಣವೆಂದರೆ ಬಾಯಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಒಳಗೊಳಗೇ ಭಯ. ತಿಂಗಳು ಕಳೆದರೂ ದನಿ ಬಾರದಿದ್ದರೆ? ಕ್ಲಾಸಿನಲ್ಲಿ ನಿಂತು ಏನು ಮಾಡಲಿ? ಮಧ್ಯಾಹ್ನ ಮಲಗಿದರೆ ನಿದ್ದೆ ಬಾರದು, ಎದೆಯ ಮೇಲೆ ಯಾರೋ ಕೂತಂತೆ ಆಗುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ತರಕಾರಿ ಗಾಡಿ ಬಂದು ನಿಂತಿತು. ಅವಳ ಕೈ ಹಿಟ್ಟಾಗಿತ್ತು, ಮಾವನನ್ನೇ ಕಳಿಸಬೇಕಿತ್ತು. ಹೇಗೋ ಕೈ ಒರೆಸಿಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಉದ್ದಕ್ಕೆ ಒಂದು ನುಗ್ಗೇಕಾಯಿ ಎಳೆದು ತೋರಿಸಿದಳು.

ಸದಾಶಿವಯ್ಯ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡರು. "ಹಾವಾ? ಎಲ್ಲಮ್ಮಾ? ಅಡುಗೆಮನೇಲಾ?"

ಪ್ರೇಮಲೀಲಾಗೆ ನಗು ಉಕ್ಕಿತು. ಸದ್ದು ಮಾಡುವಂತಿಲ್ಲ, ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕುತ್ತ, ಪಕ್ಕದಲ್ಲಿ ಒಂದು ಸಾರಿನ ಪಾತ್ರೆ, ಅದರಿಂದ ಏಳುವ ಹಬೆ ಬರೆದಳು.

"ಓ... ನುಗ್ಗೇಕಾಯಿ!" ಮಾವನೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನೆಯಲ್ಲಿ ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಅಷ್ಟರಲ್ಲಿ ಗಾಡಿ ಮುಂದಿನ ಬೀದಿಗೆ ಹೋಗಿತ್ತು. ಅವತ್ತು ಬರೀ ಬೇಳೆ ಸಾರು.

ಮರುದಿನ ಅವಳೇ ಬೇಕೆಂದು ಇನ್ನೊಂದು ಚಿತ್ರ ಬರೆದಳು. ಗುಹೆಯಂಥ ಬಾಯಿ ತೆರೆದ ಟೀವಿ, ಅದರ ಮುಂದೆ ಎರಡೂ ಕಿವಿ ಮುಚ್ಚಿಕೊಂಡು ನಿಂತ ಹೆಂಗಸು. ಸದಾಶಿವಯ್ಯ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಎದ್ದು ಟೀವಿ ಆರಿಸಿದರು. ಆಮೇಲೆ ಪೆನ್ನು ಇಸಿದುಕೊಂಡು, ಟೀವಿಯ ಈಚೆ ಬದಿಗೆ ಒಂದು ದೊಡ್ಡ ಹೊಟ್ಟೆ, ಅದರ ಮೇಲೊಂದು ತಲೆ, ಹಣೆಗೆ ಮೂರೆಳೆ ವಿಭೂತಿ ಬರೆದರು.

"ಇದು ನಾನು. ಟೀವಿ ಇಲ್ದಿದ್ರೆ ಮನೆ ತುಂಬಾ ಸುಮ್ನಾಗೋಗುತ್ತೆ ಕಣಮ್ಮ. ಅದಕ್ಕೇ ಹಾಕ್ತೀನಿ."

ಪ್ರೇಮಲೀಲಾ ಅವರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಅಂದಿನಿಂದ ಮಧ್ಯಾಹ್ನದ ಕಾಫಿ ಆದ ಮೇಲೆ ಇಬ್ಬರೂ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಳ್ಳುವುದು ರೂಢಿಯಾಯಿತು. ಕಂಡಿದ್ದೆಲ್ಲ ಬರೆದರು. ತುಳಸಿ ಕುಂಡ, ಎದುರುಮನೆ ಸ್ಕೂಟರು, ಕಾಂಪೌಂಡಿನ ಮೇಲೆ ನಿದ್ದೆ ಹೋದ ಬೆಕ್ಕು. ಒಂದೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಬೆಕ್ಕಿನ ಬಾಲ ಎಲ್ಲಿ ಬಾಗಿದೆ ಎಂದು ನೋಡುತ್ತ ಕೂತಷ್ಟು ಹೊತ್ತು ಪ್ರೇಮಲೀಲಾಗೆ ಗಂಟಲು ನೆನಪಾಗುತ್ತಿರಲಿಲ್ಲ. ಹೆಗಲಿನ ಬಿಗಿತ ತಾನಾಗಿ ಸಡಿಲವಾಗುತ್ತಿತ್ತು.

ಒಂದು ದಿನ ಅವಳ ಕೈ ಬೇರೇನನ್ನೋ ಬರೆಯಿತು. ಕ್ಲಾಸ್‌ರೂಮು, ಹಲಗೆ, ಕಿಟಕಿಯಾಚೆ ನೋಡುವ ಮಕ್ಕಳು, ಮುಂದೆ ನಿಂತ ಟೀಚರು. ಟೀಚರಿಗೆ ಕಣ್ಣಿತ್ತು, ಮೂಗಿತ್ತು, ಬಾಯಿ ಇರಲಿಲ್ಲ. ಬರೆದು ಮುಗಿಸಿ ನೋಡಿದರೆ ಇಷ್ಟು ದಿನ ಎದೆ ಮೇಲೆ ಕೂತಿದ್ದ ಭಯ ಅಂಗೈಯಗಲದ ಚಿತ್ರವಾಗಿ ಎದುರಿಗಿತ್ತು. ಸದಾಶಿವಯ್ಯ ಬಗ್ಗಿ ನೋಡಿದರು.

"ಹೆದರಿಕೇನಾ?"

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ತುಂಬಿತು.

"ಬಾಯಿಲ್ದೋಳು ನೀನೇ ಹೇಳ್ಕೊಂಬುಟ್ಟೆ. ಬಾಯಿರೋನು ನಾನು ಇಷ್ಟು ದಿನ ಯಾರ ಹತ್ರಾನೂ ಹೇಳ್ಕೊಂಡಿಲ್ಲ ನೋಡು" ಎಂದು ಅವರು ಹೊಸ ಹಾಳೆ ತೆಗೆದುಕೊಂಡರು. ನಿಧಾನವಾಗಿ ತುರುಬು ಬರೆದರು, ಸೆರಗು ಬರೆದರು, ಮುಖ ಬರೆದರು. ಮೂಗಿಗೆ ಬಂದು ನಿಂತರು. ಒಂದು ಗೆರೆ ಎಳೆದು, "ಇಂಗಿರ್ಲಿಲ್ಲ ಅವಳ ಮೂಗು" ಅಂದರು. ಪಕ್ಕದಲ್ಲಿ ಇನ್ನೊಂದು ಮೂಗು ಬರೆದರು. ಅದೂ ಅಲ್ಲ.

ಪ್ರೇಮಲೀಲಾ ಗೋಡೆಯ ಮೇಲಿದ್ದ ಅತ್ತೆಯ ಫೋಟೋ ತೋರಿಸಿದಳು.

"ಅದು ಬೇಡಮ್ಮ. ನಗಬೇಡಿ ಅಂದಿದ್ದ ಆ ಫೋಟೋದೋನು. ನಕ್ರೆ ಅವಳ ಮೂಗು ಅಗಲ ಆಗೋದು. ನಂಗೆ ಅದು ಬೇಕು."

ಬರೆಯುತ್ತ ಬರೆಯುತ್ತ ಅವರು ಮಾತಾಡಿದರು. ಮಹದೇವಮ್ಮ ಯಾವುದಕ್ಕೆ ನಗುತ್ತಿದ್ದಳು, ಜಗಳವಾಡಿದ ದಿನ ಕಾಫಿಗೆ ಬೇಕೆಂದೇ ಸಕ್ಕರೆ ಮರೆಯುತ್ತಿದ್ದಳು, ಆಸ್ಪತ್ರೆಯಲ್ಲೂ ನರ್ಸುಗಳಿಗೆ ಮದುವೆ ಗಂಡು ಹುಡುಕುತ್ತಿದ್ದಳು ಎಂದೆಲ್ಲ ಹೇಳಿದರು. ನಡುವೆ ಕಣ್ಣೀರು ಹಾಳೆಯ ಮೇಲೆ ಬಿತ್ತು, ಸ್ಕೆಚ್ ಪೆನ್ನಿನ ಮಸಿ ಹರಡಿತು. ಹೊಸ ಹಾಳೆ ತೆಗೆದುಕೊಂಡರು. ದನಿ ಇದ್ದಿದ್ದರೆ ತಾನು "ಸಮಾಧಾನ ಮಾಡ್ಕೊಳ್ಳಿ ಮಾವ" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದೆ ಎಂದು ಪ್ರೇಮಲೀಲಾಗೆ ಹೊಳೆಯಿತು. ಅವಳು ಕೇಳುತ್ತ ಕೂತಳು.

ಸಂಜೆ ಮಹಾಂತೇಶ್ ಬಂದಾಗ ಮೇಜಿನ ತುಂಬ ಮೂಗುಗಳು.

"ನಾಳೆ ನನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡೋಗೋ" ಅಂದರು ತಂದೆ.

"ಯಾಕಪ್ಪ? ನೋವಾ?"

"ನಿಮ್ಮವ್ವನ ಮೂಗು ಸರಿಯಾಗಿ ಬರ್ತಿಲ್ಲ ಕಣೋ."

ಮಹಾಂತೇಶ್ ಹೆಂಡತಿಯ ಮುಖ ನೋಡಿದ. ಹೆಂಡತಿ ಏನೂ ಹೇಳುವ ಹಾಗಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅಷ್ಟರಲ್ಲಿ ಪ್ರೇಮಲೀಲಾಗೂ ಮೆಲ್ಲಗೆ ಮಾತಾಡಲು ಡಾಕ್ಟರು ಒಪ್ಪಿಗೆ ಕೊಟ್ಟರು. ಅವಳು ಮನೆಗೆ ಬಂದು "ಮಾವ" ಎಂದಳು. ಒರಟಾಗಿ ಬಂತು, ಆದರೂ ಬಂತು. "ಬಂತಲ್ಲಮ್ಮಾ!" ಎಂದು ಸದಾಶಿವಯ್ಯ ಚಪ್ಪಾಳೆ ತಟ್ಟಿದರು. ಕಣ್ಣು ತಿಳಿಯಾದ ಮೇಲೆ ಅವರು ತಮ್ಮ ಹಳೆಯ ಹಾಳೆಗಳನ್ನು ಹರಡಿ ನೋಡಿ, "ಇವೆಲ್ಲ ಬದನೆಕಾಯಾ?" ಎಂದು ನಕ್ಕು, ಮತ್ತೆ ಬರೆಯಲು ಕೂತರು. ಕೆಲವು ದಿನಗಳ ಮೇಲೆ ಆ ಮೂಗು ಬಂತು. ಅಗಲವಾದ, ನಗುವ ಮೂಗು. ಮಹಾಂತೇಶ್ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, "ಅವ್ವ" ಅಂದ. ಆಮೇಲೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದ.

ಪ್ರೇಮಲೀಲಾ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಮೊದಲಿನಂತೆ ಕೂಗುವುದಿಲ್ಲ. ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಮಕ್ಕಳಿಗೆ ಹಾಳೆ ಹಂಚಿ, ಯಾವ ಚಿತ್ರ ಬೇಕಾದರೂ ಬರೆಯಿರಿ, ಮಾರ್ಕ್ಸ್ ಇಲ್ಲ ಅನ್ನುತ್ತಾಳೆ. ಭಾನುವಾರ ಬೆಳಿಗ್ಗೆ ಮಾವ, ಸೊಸೆ ಕುಕ್ಕರಹಳ್ಳಿ ಕೆರೆ ಏರಿಯ ಬೆಂಚಿನ ಮೇಲೆ ಕೂತು ಹಕ್ಕಿಗಳನ್ನು ಬರೆಯುತ್ತಾರೆ. ಹೋದ ವಾರ ವಾಕಿಂಗ್ ಬಂದಿದ್ದ ಹೆಂಗಸೊಬ್ಬರು ನಿಂತು ನೋಡಿ, "ನಂಗೂ ಆಸೆ. ಆದ್ರೆ ಬರೆಯೋಕೆ ಬರಲ್ಲ" ಅಂದರು.

"ನಮಗೂ ಬರಲ್ಲ ಕಣ್ರೀ" ಎಂದು ಸದಾಶಿವಯ್ಯ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. "ಕೂತ್ಕೊಳ್ಳಿ."