ಹೊರುವವರ ಪಾಲು

ಆತಿತ್ಲಾನ್ ಸರೋವರದ ದಂಡೆಯ ನಮ್ಮ ಮನೆಯಲ್ಲಿ ಕರಿಕಾಳಿನ ಮಡಕೆಗೆ ಅತ್ತೆ ಗ್ರೆಗೋರಿಯಾ ಬಿಟ್ಟರೆ ಇನ್ನೊಬ್ಬರು ಸೌಟು ಹಾಕುವಂತಿರಲಿಲ್ಲ. ತಳದ ಕಾಳೆಲ್ಲ ಮಾವನಿಗೆ. ಅವರು ದೋಣಿಕಟ್ಟೆಯಲ್ಲಿ ಹಣೆಗೆ ಪಟ್ಟಿ ಕಟ್ಟಿ ಮೂಟೆ ಹೊರುವವರು. ಮಕ್ಕಳಿಗೆ ಮೇಲಿನ ಕಟ್ಟು, ಅದ್ದಿಕೊಳ್ಳಲು ಮೆಕ್ಕೆಜೋಳದ ರೊಟ್ಟಿ. ಹೊರುವವರಿಗೆ ಕಾಳು ಎನ್ನುವುದು ಅತ್ತೆಯ ಕಾನೂನು.

ನನ್ನ ಮಗಳು ಚೋನಾಳ ಪಾದಗಳು ಬಾತಿದ್ದವು. ಹೊತ್ತು ಮುಳುಗಿದರೆ ಕಣ್ಣು ಕಾಣದೆ ಗೋಡೆ ತಡವುತ್ತಿದ್ದಳು. ದವಾಖಾನೆಯವರು ವಿಟಮಿನ್ ಹನಿ ಕೊಟ್ಟರು, ನಾನೇ ಬಾಯಿಗೆ ಬಿಟ್ಟೆ. ವಿಟಮಿನ್ ಬೆರೆಸಿದ ಸಕ್ಕರೆಯ ಕಾಫಿಯನ್ನೂ ಕುಡಿಸಿದೆ. ಏನೂ ಆಗಲಿಲ್ಲ.

"ಹನಿ ಮಾರ್ಕೊಂಡಿರ್ತೀಯ. ಹೀಗೇ ಬಿಟ್ರೆ ಹುಡುಗಿ ಪೂರ್ತಿ ಕುರುಡಾಗ್ತಾಳೆ" ಎಂದ ಅಲ್ಲಿನ ಡಾಕ್ಟರ್.

"ನನ್ನ ಮಾತು ನಂಬಬೇಡಿ, ಅವಳ ರಕ್ತಾನೇ ಹೇಳ್ಲಿ" ಎಂದು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ.

ರಕ್ತ ನೋಡಿದ ಡಾಕ್ಟರಮ್ಮ ಹೇಳಿದರು: "ನೀನು ಹನಿ ಕೊಟ್ಟಿದೀಯ ನಿಕೊಲಾಸಾ, ನಂಗೆ ನಂಬಿಕೆ ಇದೆ. ಆ ವಿಟಮಿನ್ನು ಲಿವರ್‌ನಲ್ಲೇ ಬಿದ್ದಿರುತ್ತೆ. ಅಲ್ಲಿಂದ ಕಣ್ಣಿಗೆ ತಾನಾಗೇ ಹೋಗಲ್ಲ. ರಕ್ತದಲ್ಲಿ ಒಂದು ಪ್ರೋಟೀನು ಅದನ್ನ ಹಿಡ್ಕೊಂಡು ಹೊರಬೇಕು. ಇವಳಲ್ಲಿ ಅದೇ ಸಾಲ್ದು. ಏನು ತಿನ್ನಿಸ್ತೀಯ?"

"ರೊಟ್ಟಿ, ಕಟ್ಟು."

"ಕಾಳು?"

"ಅದು ಮಾವನಿಗೆ" ಎಂದೆ. ಅಂದರೆ ಸರಕು ದೋಣಿಕಟ್ಟೆಯಲ್ಲಿ ಬಿದ್ದಿದೆ, ಹೊರಲು ಹಮಾಲಿಗಳಿಲ್ಲ. ಹಮಾಲಿಯ ಸೊಸೆಗೆ ಇದನ್ನು ಬಿಡಿಸಿ ಹೇಳಬೇಕೆ?

ಅಲ್ಲೇ ಇಟ್ಟುಕೊಂಡು ಹಾಲು ಕುಡಿಸಿ, ಊತ ಇಳಿಸಿ ಕಳಿಸಿದರು. "ಆ ಪ್ರೋಟೀನು ಆಗೋದೇ ಕಾಳು, ಮೊಟ್ಟೆಯಿಂದ. ಅದು ನಿಂತ್ರೆ ಮತ್ತೆ ಇದೇ ಗತಿ" ಎಂದರು.

ಮನೆಗೆ ಬಂದವಳೇ ಸೌಟು ಕಿತ್ತುಕೊಂಡು ಚೋನಾಗೆ ತಳದ ಕಾಳು ಬಡಿಸಿದೆ.

"ಮಗು ಹೊಟ್ಟೆ ಉಬ್ಬಿ ಸಾಯ್ಲಿ ಅಂತಲಾ?" ಅತ್ತೆ ಕೂಗಿದರು. "ಕಾಳು ಹೊರೋರಿಗಲ್ವೇನೇ?"

"ಹೊರೋರಿಗೇ ಹಾಕ್ತಿದೀನಿ ಅತ್ತೆ. ಇವಳ ರಕ್ತದಲ್ಲೂ ಹಮಾಲಿಗಳಿದಾರೆ. ಮಾವನಿಗಿಂತ ಹೆಚ್ಚು ಹಸಿದಿದಾರೆ."

ಮಾವ ತಟ್ಟೆ ನೋಡಿಕೊಂಡರು. "ಹಂಗಾದ್ರೆ ನಂಗೆ ಕಟ್ಟಾ?"

"ಅರ್ಧ ಕಟ್ಟು, ಅರ್ಧ ಕಾಳು" ಎಂದೆ.

ಅತ್ತೆ ಅಂದಿನಿಂದ ಮಾತು ಬಿಟ್ಟರು. ನಾನು ಸೌಟು ಬಿಡಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ, ಒಂದು ಮುಸ್ಸಂಜೆ, ಅತ್ತೆಯ ಕೈಯಿಂದ ಕಾಳಿನ ಬುಟ್ಟಿ ಜಾರಿತು. ಕರಿ ನೆಲ, ಕರಿ ಕಾಳು. ಅತ್ತೆ ತಡಕಾಡುತ್ತಿದ್ದರೆ ಚೋನಾ ಪಕ್ಕದಲ್ಲಿ ಕೂತು ಒಂದೊಂದೇ ಹೆಕ್ಕತೊಡಗಿದಳು.

"ಅಜ್ಜೀ, ನಿನ್ನ ಕಾಲ ಹತ್ರ ಇನ್ನೊಂದಿದೆ. ಕಾಣ್ಸಲ್ವಾ ನಿಂಗೆ?"

ಅತ್ತೆ ಮಗುವಿನ ಗಲ್ಲ ಹಿಡಿದೆತ್ತಿ ಅವಳ ಕಣ್ಣು ನೋಡಿದರು. ಆಮೇಲೆ ನನ್ನತ್ತ ಕೈ ಚಾಚಿದರು. "ಸೌಟು ಕೊಡೇ."

"ತಳ ಮುಟ್ಟೋ ಹಾಗಿದ್ರೆ ತಗೊಳ್ಳಿ" ಎಂದೆ.

ಅತ್ತೆ ಮಡಕೆಯ ತಳ ಕೆರೆದು, ಮೊದಲು ಚೋನಾಳ ತಟ್ಟೆಗೆ ಹಾಕಿದರು.