ಬಾವಿಯೊಳಗಿನ ಕೆಂಪು ಕಲ್ಲು

ಚಳಿಗಾಲದಲ್ಲಿ ಹಿಮ ಬೀಳುವ ದೂರದ ಉತ್ತರದ ನಾಡು ನಮ್ಮದು. ನಮ್ಮ ಮನೆಯ ಹಿಂದಿನ ಗುಡ್ಡ ಕವುಚಿ ಹಾಕಿದ ಸೌಟಿನ ಹಾಗಿದೆ. ಸುತ್ತಲಿನ ಗುಡ್ಡಗಳೂ ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿವೆ. ಯಾಕೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆ, ಯಾರೂ ಹೇಳಲಿಲ್ಲ.

ಈ ಬೇಸಿಗೆಯಲ್ಲಿ ಮನೆಯ ಬಾವಿ ಬತ್ತಿತು. ಗುಡ್ಡದ ಬುಡದಲ್ಲಿ ಹೊಸದು ತೋಡುವಾಗ ತಮ್ಮನ ಹಾರೆ ಠಣ್ ಎಂದಿತು.

"ತಳದ ಬಂಡೆನೇ ಸಿಕ್ತು ಅಣ್ಣಾ. ನೀರಿನ ಆಸೆ ಬಿಡು," ಎನ್ನುತ್ತ ಅವನು ಮೇಲೆ ಹತ್ತಿದ.

ಭೂಮಿಯ ಬಗ್ಗೆ ಓದುವ ಮೊಮ್ಮಗಳು ಕೆಳಗಿಳಿದು ಕಲ್ಲನ್ನು ಒರೆಸಿದಳು. "ಅಜ್ಜ, ಇದು ಕೆಂಪಗಿದೆ. ಇಲ್ಲಿನ ಬಂಡೆ ಎಲ್ಲಾ ಕಪ್ಪು ಅಲ್ವಾ?"

"ಹೌದು. ಹಾಗಾದ್ರೆ ಇದು ಯಾರ ಮನೇದಮ್ಮ?"

"ಸಾವಿರಾರು ವರ್ಷದ ಹಿಂದೆ ಇಲ್ಲೆಲ್ಲ ಬೆಟ್ಟದಷ್ಟು ಮಂಜುಗಡ್ಡೆ ಇತ್ತಜ್ಜ. ಅದು ಮೆಲ್ಲಗೆ ಜರುಗ್ತಾ ದೂರದ ಕಲ್ಲು ಮಣ್ಣು ಎಳ್ಕೊಂಡು ಬಂತು. ತನ್ನ ಅಡೀಲೇ ಒತ್ತಿ ಒತ್ತಿ ಈ ಗುಡ್ಡಗಳನ್ನ ಮಾಡ್ತು. ಅದು ಹೋದ ದಿಕ್ಕಿಗೇ ಇವೂ ಮಲಗಿವೆ. ಚಿಕ್ಕಜ್ಜ, ಇದು ತಳದ ಬಂಡೆ ಅಲ್ಲ, ಹಾಗೆ ಬಂದ ಬಿಡಿ ಕಲ್ಲು. ನೀವು ನೆಂಟನನ್ನೇ ಯಜಮಾನ ಅಂದ್ಕೊಂಡ್ರಲ್ಲ!"

ತಮ್ಮ ಗೊಣಗುತ್ತಲೇ ಕಲ್ಲಿನ ಪಕ್ಕದಲ್ಲಿ ಅಗೆದ. ಸಂಜೆಗೆ ಅದರ ಅಡಿ ಕಾಣಿಸಿತು, ಅಡಿಯಲ್ಲಿ ಒದ್ದೆ ಮರಳು.

ನಾನೂ ಇಳಿದೆ. ಮಂಜುಗಡ್ಡೆ ಉಜ್ಜಿದ ಗೀರುಗಳು ಕಲ್ಲಿನ ಮೈಮೇಲೆ ಇನ್ನೂ ಇದ್ದವು. ಬೆರಳಾಡಿಸುತ್ತ, "ಎಷ್ಟು ದೂರದಿಂದ ಬಂದೆಯಪ್ಪಾ?" ಎಂದು ಕೇಳುವಷ್ಟರಲ್ಲಿ ಪಾದಕ್ಕೆ ತಣ್ಣಗೆ ನೀರು ತಾಗಿತು.